ನೈಲ್ ನದಿಯಲ್ಲಿ ಮುಳುಗಿದ ಹುಡುಗನನ್ನು ದೇವರು ಮಾಡಿದವರು ಯಾರು?

ಓದುಗರ ಪ್ರಶ್ನೆ: ರೋಮ್‌ಗೆ ಹೋದಾಗ ವ್ಯಾಟಿಕನ್ ಮ್ಯೂಸಿಯಮ್‌ನ ದುಂಡು ಸಭಾಂಗಣದಲ್ಲಿ ಆಂಟಿನೂಸ್ ಎಂಬ ಯುವಕನ ಭಾರೀ ಪ್ರತಿಮೆ ನೋಡಿದೆ. ಅವನು ಚಕ್ರವರ್ತಿ ಹೇಡ್ರಿಯನ್‌ನ ಪ್ರಿಯಕರ, ನೈಲ್ ನದಿಯಲ್ಲಿ ಮುಳುಗಿ ಸತ್ತ, ದುಃಖ ತಾಳಲಾರದ ಚಕ್ರವರ್ತಿ ಅವನನ್ನು ದೇವರು ಮಾಡಿಬಿಟ್ಟ ಎಂದು ಗೈಡ್ ಹೇಳಿದ. ಒಬ್ಬ ದೊರೆ ಹೇಳಿದ ಮಾತ್ರಕ್ಕೆ ಜನ ಸತ್ತ ಹುಡುಗನನ್ನು ಪೂಜಿಸಿದರೇ? ನಿಜವಾಗಿ ನಂಬಿದ್ದರೇ, ಹೆದರಿ ಕೈಮುಗಿದರೇ? ಅವನನ್ನು ಬಲಿ ಕೊಟ್ಟರು ಎಂದೂ ಕೆಲವೆಡೆ ಓದಿದ್ದೇನೆ. ಅದು ಸತ್ಯವೇ?

ಉತ್ತರ: ಗೈಡ್ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಕತೆ. ಪೂಜೆಗೆ ಚಾಲನೆ ಕೊಟ್ಟವನು ಹೇಡ್ರಿಯನ್, ಅದರಲ್ಲಿ ಅನುಮಾನವಿಲ್ಲ. ಹಾಗಂತ ಆಂಟಿನೂಸ್‌ನನ್ನು ಅವನೊಬ್ಬನೇ ದೇವರು ಮಾಡಿದ ಎನ್ನಲಾಗದು. ಅಷ್ಟೇ ಏಕೆ, ರೋಮ್‌ನ ಕಟ್ಟಳೆಯಂತೆ ನೋಡಿದರೆ ಆ ಹುಡುಗ ದೇವರಾಗಲೇ ಇಲ್ಲ. ಸತ್ತ ಚಕ್ರವರ್ತಿಯನ್ನೋ ಅವನ ಹೆಂಡತಿಯನ್ನೋ ದೈವವೆಂದು ಘೋಷಿಸುವ ಅಧಿಕಾರ ಇದ್ದದ್ದು ಸೆನೆಟ್ ಎಂಬ ಹಿರಿಯರ ಸಭೆಗೆ. ಆ ಸೆನೆಟ್ ಆಂಟಿನೂಸ್ ಹೆಸರಿನಲ್ಲಿ ಅಂಥ ನಿರ್ಣಯ ಮಾಡಲಿಲ್ಲ. ರೋಮ್‌ನ ಟಂಕಸಾಲೆ ಅವನ ಮುಖವಿರುವ ಒಂದು ನಾಣ್ಯವನ್ನೂ ಹೊರಡಿಸಲಿಲ್ಲ. ಅವನನ್ನು ದೇವರು ಮಾಡಿದವರು ಈಜಿಪ್ಟಿನ ಪುರೋಹಿತರು, ಗ್ರೀಕ್ ಊರುಗಳ ಶ್ರೀಮಂತರು, ಇಟಲಿಯ ಒಂದು ಸಣ್ಣ ಊರಿನ ಬಡವರು ಮತ್ತು ಗುಲಾಮರು. ಒಬ್ಬೊಬ್ಬರಿಗೂ ಅವರದೇ ಕಾರಣವಿತ್ತು. ಬಲಿಯ ಕತೆಗೆ ಆಮೇಲೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿರುವ ಆಧಾರ ಬಹಳ ಸಡಿಲ.

ಹುಡುಗನ ಬದುಕಿನ ಬಗ್ಗೆ ಗೊತ್ತಿರುವುದು ಒಂದು ಅಂಗೈಯಷ್ಟು. ಈಗಿನ ಟರ್ಕಿಯ ಬೋಲು ಪಟ್ಟಣ ಇರುವಲ್ಲಿ ಆಗ ಬಿಥಿನಿಯ ಪ್ರಾಂತ್ಯದ ಕ್ಲಾಡಿಯೊಪೊಲಿಸ್ ಇತ್ತು. ಅದರ ಹಳೆಯ ಹೆಸರು ಬಿಥಿನಿಯನ್. ಕಾಡುಗುಡ್ಡಗಳ ನಾಡು, ಬೇಟೆಗೆ ಹೆಸರಾದದ್ದು. ಅಲ್ಲಿನವರು ತಾವು ಗ್ರೀಸಿನ ಅರ್ಕೇಡಿಯದ ಮ್ಯಾಂಟಿನಿಯ ಎಂಬ ಊರಿನಿಂದ ವಲಸೆ ಬಂದವರೆಂದು ಹೇಳಿಕೊಳ್ಳುತ್ತಿದ್ದರು. ಈ ಸಂಬಂಧ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿನಲ್ಲಿಟ್ಟುಕೊಳ್ಳಿ. ಅವನು ಹುಟ್ಟಿದ ದಿನ ನವೆಂಬರ್ 27 ಎಂಬುದು ಒಂದು ಶಾಸನದಿಂದ ತಿಳಿಯುತ್ತದೆ. ವರ್ಷ ಎಲ್ಲೂ ದಾಖಲಾಗಿಲ್ಲ. ಪ್ರತಿಮೆಗಳ ಮುಖದಲ್ಲಿ ಕಾಣುವ ಪ್ರಾಯವನ್ನು ನೋಡಿ ವಿದ್ವಾಂಸರು ಕ್ರಿ.ಶ. 110ರಿಂದ 112ರ ಆಸುಪಾಸು ಎಂದು ಲೆಕ್ಕ ಹಾಕಿದ್ದಾರೆ. ಹಾಗಾದರೆ ಸಾಯುವಾಗ ಅವನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಗುಲಾಮನಾಗಿದ್ದ ಎಂದು ಬರೆದವನು ಹೆಗೆಸಿಪ್ಪಸ್ ಎಂಬ ಕ್ರೈಸ್ತ. ಈ ಪೂಜೆಯನ್ನು ಹೀಗಳೆಯುವುದೇ ಅವನ ಉದ್ದೇಶವಾಗಿದ್ದರಿಂದ ಇತಿಹಾಸಕಾರರು ಆ ಮಾತಿಗೆ ಹೆಚ್ಚು ಬೆಲೆ ಕೊಟ್ಟಿಲ್ಲ.

ಹೇಡ್ರಿಯನ್ ಹುಟ್ಟಿದ್ದು 76ರಲ್ಲಿ, ಪಟ್ಟಕ್ಕೆ ಬಂದದ್ದು 117ರಲ್ಲಿ. ಗ್ರೀಕ್ ಸಂಸ್ಕೃತಿಯ ಹುಚ್ಚು ಎಷ್ಟಿತ್ತೆಂದರೆ ಎಳವೆಯಲ್ಲೇ ಅವನಿಗೆ 'ಪುಟ್ಟ ಗ್ರೀಕ' ಎಂಬ ಅಡ್ಡಹೆಸರು ಬಿದ್ದಿತ್ತು. ವಯಸ್ಕ ಗಂಡಸು ಎಳೆಯ ಹುಡುಗನೊಬ್ಬನನ್ನು ಪ್ರೀತಿಸುವುದು, ತಿದ್ದಿ ಬೆಳೆಸುವುದು ಆ ಗ್ರೀಕ್ ಸಮಾಜದ ಮೇಲ್ವರ್ಗದಲ್ಲಿ ಒಪ್ಪಿತವಾದ ರೂಢಿ. ಚಕ್ರವರ್ತಿಗೆ ಸಬೀನಾ ಎಂಬ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಆ ಕಾಲದವರಿಗೆ ಈ ಸಂಬಂಧದಲ್ಲಿ ವಿಚಿತ್ರವೆನಿಸಿದ್ದು ಹುಡುಗ ಗಂಡು ಎಂಬುದಲ್ಲ, ಅವನು ಸತ್ತ ಮೇಲೆ ದೊರೆ ಅತ್ತ ರೀತಿ. ಇವತ್ತಿನ ನಾವು ಕೇಳುವ ಪ್ರಶ್ನೆ ಬೇರೆ: ಐವತ್ತರ ಆಸುಪಾಸಿನ, ಲೋಕವೇ ತನ್ನ ಕೈಯಲ್ಲಿರುವ ಮನುಷ್ಯನ ಎದುರು ಹದಿಹರೆಯದ ಹಳ್ಳಿ ಹುಡುಗನೊಬ್ಬ 'ಒಲ್ಲೆ' ಎನ್ನಲು ಸಾಧ್ಯವಿತ್ತೇ? ಇದನ್ನು ಅಪೂರ್ವ ಪ್ರೇಮಕತೆ ಎಂದು ಕೊಂಡಾಡುವವರು ಈ ಪ್ರಶ್ನೆಯನ್ನು ಜಾರಿಸಿಬಿಡುತ್ತಾರೆ. ಆಂಟಿನೂಸ್ ಆಡಿದ ಒಂದು ಮಾತೂ ಉಳಿದು ಬಂದಿಲ್ಲ. ನಮಗೆ ಸಿಕ್ಕಿರುವುದೆಲ್ಲ ಅವನನ್ನು ನೋಡಿದವರ, ಕೆತ್ತಿದವರ, ಬೈದವರ ಮಾತು.

130ರಲ್ಲಿ ಹೇಡ್ರಿಯನ್ ದೊಡ್ಡ ಪರಿವಾರದೊಡನೆ ಈಜಿಪ್ಟಿಗೆ ಬಂದ. ಅಲೆಕ್ಸಾಂಡ್ರಿಯಾದ ಪಶ್ಚಿಮಕ್ಕೆ, ಲಿಬಿಯದ ಕಡೆಯ ಮರಳುಗಾಡಿನಲ್ಲಿ ಜನರನ್ನು ಕಾಡುತ್ತಿದ್ದ ಒಂದು ಸಿಂಹವನ್ನು ಇಬ್ಬರೂ ಬೇಟೆಯಾಡಿದರು. ಪಂಕ್ರಾಟೀಸ್ ಎಂಬ ಸ್ಥಳೀಯ ಕವಿ ಇದರ ಮೇಲೆ ಕಾವ್ಯ ಕಟ್ಟಿದ. ಸಿಂಹದ ರಕ್ತ ಬಿದ್ದ ನೆಲದಿಂದ ಕೆಂದಾವರೆ ಹುಟ್ಟಿತು, ಅದಕ್ಕೆ ಆಂಟಿನೂಸ್‌ನ ಹೆಸರಿಡಬೇಕು ಎಂದು ಚಕ್ರವರ್ತಿಯ ಕಿವಿಯಲ್ಲಿ ಹಾಕಿದ. ಹೇಡ್ರಿಯನ್ ಮೆಚ್ಚಿ ಕವಿಗೆ ಅಲೆಕ್ಸಾಂಡ್ರಿಯಾದ ಹೆಸರಾಂತ ವಿದ್ಯಾಸಂಸ್ಥೆಯಲ್ಲಿ ಪುಕ್ಕಟೆ ಊಟದ ಸ್ಥಾನ ಕೊಡಿಸಿದ. ಆಸ್ಥಾನ ಕವಿಗಳ ಜಾಣತನ ಎಲ್ಲ ಕಾಲಕ್ಕೂ ಒಂದೇ ಬಿಡಿ. ಈ ಕಾವ್ಯದ ಒಂದು ತುಣುಕು ಪ್ಯಾಪಿರಸ್ ಹಾಳೆಯಲ್ಲಿ ಸಿಕ್ಕಿದೆ. ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ ಊರಿನಲ್ಲಿ. ಹೆಸರು ಕನ್ನಡಿಗರಿಗೆ ಹೊಸದಲ್ಲ. ಪಶ್ಚಿಮ ಕರಾವಳಿಯಲ್ಲಿ ನಡೆಯುವಂತಿರುವ, ಕನ್ನಡ ಮಾತುಗಳಿವೆ ಎಂದು ಶಾಮಶಾಸ್ತ್ರಿ, ಗೋವಿಂದ ಪೈ ಮುಂತಾದವರು ವಾದಿಸಿದ ಆ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನ ಕಸದ ಗುಡ್ಡೆಗಳಲ್ಲಿ.

ಬೇಟೆಯಾದ ಸ್ವಲ್ಪ ಸಮಯಕ್ಕೆ ದೋಣಿಗಳ ಸಾಲು ನೈಲ್ ನದಿಯಲ್ಲಿ ದಕ್ಷಿಣಕ್ಕೆ ಹೊರಟಿತು. ಅಕ್ಟೋಬರ್‌ನಲ್ಲಿ, ಹರ್ಮೊಪೊಲಿಸ್ ಊರಿನ ಎದುರು ದಡದ ಬಳಿ, ಆಂಟಿನೂಸ್ ನೀರುಪಾಲಾದ.

ಹೇಗೆ? ಮೂರು ಮೂಲಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಬಲಿಯ ಕತೆ ಬೆಳೆದ ಬಗೆ ಕಾಣುತ್ತದೆ. ಹೇಡ್ರಿಯನ್ ಸ್ವತಃ ಬರೆದದ್ದು ಇಷ್ಟೆ: ಅವನು ನೈಲ್‌ಗೆ ಬಿದ್ದ. ಚಕ್ರವರ್ತಿಯ ಆತ್ಮಕತೆ ಕಳೆದುಹೋಗಿದೆ. ಈ ಮಾತು ನಮಗೆ ತಲುಪಿರುವುದು ಮೂರನೆಯ ಶತಮಾನದ ಮೊದಲಲ್ಲಿ ಬರೆದ ಕ್ಯಾಸಿಯಸ್ ಡಿಯೊ ಮೂಲಕ. ಅದನ್ನು ಹೇಳಿದ ಉಸಿರಲ್ಲೇ ಡಿಯೊ, 'ನಿಜವೇನೆಂದರೆ ಅವನನ್ನು ಬಲಿಯಾಗಿ ಅರ್ಪಿಸಲಾಯಿತು' ಎನ್ನುತ್ತಾನೆ. ಹೇಡ್ರಿಯನ್‌ಗೆ ಶಕುನ, ಜ್ಯೋತಿಷ, ಮಾಟಗಳ ಗೀಳಿತ್ತು ಎಂಬುದು ಅವನು ಕೊಡುವ ಕಾರಣ. ಇನ್ನೊಂದೂವರೆ ಶತಮಾನ ಕಳೆದ ಮೇಲೆ ಆರೇಲಿಯಸ್ ವಿಕ್ಟರ್ ಬರೆಯುತ್ತಾನೆ. ಅಷ್ಟರಲ್ಲಿ ಕತೆಗೆ ಕೈಕಾಲು ಮೂಡಿವೆ: ದೊರೆಯ ಆಯಸ್ಸು ಹೆಚ್ಚಬೇಕಾದರೆ ಯಾರಾದರೂ ತಾವಾಗಿ ಪ್ರಾಣ ಕೊಡಬೇಕು ಎಂದು ಮಾಂತ್ರಿಕರು ಹೇಳಿದರಂತೆ, ಎಲ್ಲರೂ ಹಿಂಜರಿದಾಗ ಆಂಟಿನೂಸ್ ಮುಂದೆ ಬಂದನಂತೆ. ನಾಲ್ಕನೆಯ ಶತಮಾನದ್ದೇ ಎನ್ನಲಾಗುವ 'ಹಿಸ್ಟೋರಿಯಾ ಅಗಸ್ಟಾ' ಎಂಬ ಚರಿತ್ರೆ ಎರಡೂ ವದಂತಿಗಳನ್ನು ಒಟ್ಟಿಗೆ ಉಣಬಡಿಸಿ, ಚಕ್ರವರ್ತಿ 'ಹೆಂಗಸಿನಂತೆ ಅತ್ತ' ಎಂದು ಕುಟುಕುತ್ತದೆ.

ಘಟನೆಯಿಂದ ದೂರ ಹೋದಷ್ಟೂ ವಿವರ ಹೆಚ್ಚುತ್ತಿದೆ. ಇತಿಹಾಸದಲ್ಲಿ ಇದು ಒಳ್ಳೆಯ ಲಕ್ಷಣವಲ್ಲ. ಡಿಯೊ ಬಿಥಿನಿಯದ ನೈಸಿಯಾ ಊರಿನವನು, ಅಂದರೆ ಆಂಟಿನೂಸ್‌ನ ಪ್ರಾಂತ್ಯದವನೇ. ಹಾಗಾಗಿ ಅವನಿಗೆ ಒಳಸುದ್ದಿ ಗೊತ್ತಿತ್ತು ಎಂದು ಕೆಲವರು ವಾದಿಸುವುದುಂಟು. ಆದರೆ ಅವನು ಸೆನೆಟರ್ ಕೂಡ. ಹೇಡ್ರಿಯನ್ ಪಟ್ಟಕ್ಕೆ ಬಂದ ಹೊಸತರಲ್ಲಿ ನಾಲ್ವರು ಹಿರಿಯ ಸೆನೆಟರ್‌ಗಳ ತಲೆ ಉರುಳಿತ್ತು, ಕೊನೆಗಾಲದಲ್ಲಿ ಇನ್ನಷ್ಟು ಜನ ಸತ್ತಿದ್ದರು. ಆ ವರ್ಗದವರ ಮನೆಗಳಲ್ಲಿ ತಲೆಮಾರುಗಳ ಕಾಲ ಅವನ ಬಗ್ಗೆ ಒಳ್ಳೆಯ ಮಾತು ಹುಟ್ಟುವ ಹಾಗಿರಲಿಲ್ಲ. ಹೇಡ್ರಿಯನ್ ಕಾಲದಲ್ಲೇ ಸಾಮ್ರಾಜ್ಯದಲ್ಲಿ ನರಬಲಿ ನಿಂತಿತು ಎಂದು ತತ್ತ್ವಜ್ಞಾನಿ ಪೋರ್ಫಿರಿ ದಾಖಲಿಸಿದ್ದನ್ನೂ ಜೊತೆಗಿಟ್ಟು ನೋಡಬೇಕು. ಆತ್ಮಹತ್ಯೆಯ ಸಾಧ್ಯತೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮೀಸೆ ಚಿಗುರಿದ ಮೇಲೆ ಇಂಥ ಹುಡುಗರ ಸ್ಥಾನಕ್ಕೆ ಕುತ್ತು ಬರುತ್ತಿತ್ತು, ಅವನು ಆ ಅಂಚಿನಲ್ಲೇ ಇದ್ದ. ಆದರೂ ತುಂಬಿದ ನದಿ, ದೋಣಿ, ರಾತ್ರಿಯ ಔತಣಗಳು ಇರುವಲ್ಲಿ ಕಾಲು ಜಾರಿ ಬೀಳಲು ಮಾಟಗಾರರ ನೆರವು ಬೇಕಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅವನು ರೈನ್ ನದಿಯಲ್ಲೋ ಟೈಬರ್‌ನಲ್ಲೋ ಮುಳುಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮುಳುಗಿದ್ದು ನೈಲ್‌ನಲ್ಲಿ. ಈಜಿಪ್ಟಿನವರ ಪ್ರಕಾರ ನೈಲ್ ಯಾರನ್ನು ಎಳೆದುಕೊಂಡಿತೋ ಅವರು ಮಾಮೂಲಿ ಸತ್ತವರಲ್ಲ. ಆಂಟಿನೂಸ್‌ಗಿಂತ ಐದೂವರೆ ಶತಮಾನ ಮುಂಚೆಯೇ ಹೆರೊಡೊಟಸ್ ಬರೆದಿಟ್ಟಿದ್ದಾನೆ: ನದಿಯಲ್ಲಿ ಮುಳುಗಿದ ಅಥವಾ ಮೊಸಳೆಯ ಬಾಯಿಗೆ ಸಿಕ್ಕ ಹೆಣ, ಸ್ಥಳೀಯನದಾಗಲಿ ಪರದೇಶಿಯದಾಗಲಿ, ಯಾವ ಊರಿನ ದಡ ಸೇರುತ್ತದೋ ಆ ಊರಿನವರು ಅದನ್ನು ಸಕಲ ಮರ್ಯಾದೆಯೊಂದಿಗೆ ಸಂಸ್ಕರಿಸಿ ಹೂಳಬೇಕು. ಬಂಧುಗಳೂ ಅದನ್ನು ಮುಟ್ಟುವಂತಿಲ್ಲ, ನೈಲ್‌ನ ಪುರೋಹಿತರು ಮಾತ್ರ ಮುಟ್ಟಬಹುದು, ಯಾಕೆಂದರೆ ಅದು ಮನುಷ್ಯಮಾತ್ರದವರ ಹೆಣವಲ್ಲ. ಒಸಿರಿಸ್ ದೇವನ ಶವವನ್ನು ವೈರಿ ಸೇಥ್ ನೈಲ್‌ಗೆ ಎಸೆದದ್ದು ಅಲ್ಲಿನ ಪುರಾಣದ ತಿರುಳು. ನೀರಲ್ಲಿ ಹೋದವನು ಒಸಿರಿಸ್‌ನ ದಾರಿಯಲ್ಲೇ ಹೋದ ಹಾಗೆ.

ಇದು ಪುಸ್ತಕದ ನಂಬಿಕೆ ಅಂದುಕೊಳ್ಳಬೇಡಿ. ದಕ್ಷಿಣದ ನೂಬಿಯದಲ್ಲಿ ಪೆಡೆಸಿ, ಪಿಹೊರ್ ಎಂಬ ಅಣ್ಣತಮ್ಮಂದಿರಿದ್ದರು, ಸ್ಥಳೀಯ ನಾಯಕನೊಬ್ಬನ ಮಕ್ಕಳು. ಇವರೂ ನೈಲ್‌ನಲ್ಲಿ ಮುಳುಗಿ ಸತ್ತವರೆಂದು ತಿಳಿಯಲಾಗಿದೆ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಆಂಟಿನೂಸ್ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, ಡೆಂಡೂರ್‌ನಲ್ಲಿ ಕಟ್ಟಿದ ಗುಡಿಯಲ್ಲಿ ಐಸಿಸ್ ದೇವಿಯ ಜೊತೆಗೆ ಇವರಿಗೂ ಪೂಜೆ. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಆ ಗುಡಿಯನ್ನು ಬಿಚ್ಚಿ ಅಮೆರಿಕಕ್ಕೆ ಸಾಗಿಸಿದರು. 1978ರಿಂದ ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನ ಗಾಜಿನ ಸಭಾಂಗಣದಲ್ಲಿದೆ. ಅಮೆರಿಕದಲ್ಲಿರುವ ನಮ್ಮವರು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಅದು ನೀರುಪಾಲಾದವರ ಗುಡಿಯೂ ಹೌದು ಎಂದು ಎಷ್ಟು ಜನರಿಗೆ ಹೊಳೆದಿರುತ್ತದೋ. ಆ ಅಣ್ಣತಮ್ಮಂದಿರ ಹಿಂದೆ ಅತ್ತು ಕರೆದ ಚಕ್ರವರ್ತಿ ಯಾರೂ ಇರಲಿಲ್ಲ.

ಹಾಗಾಗಿ ಅಕ್ಟೋಬರ್ 130ರಲ್ಲಿ ಈಜಿಪ್ಟಿನ ಪುರೋಹಿತರು ಹೇಡ್ರಿಯನ್‌ಗಾಗಿ ಹೊಸ ದೇವರನ್ನು ಹುಟ್ಟಿಸಬೇಕಾಗಿರಲಿಲ್ಲ. ಇದ್ದ ಸಂಪ್ರದಾಯದೊಳಗೆ ಇನ್ನೊಬ್ಬನನ್ನು ಸೇರಿಸಿಕೊಂಡರು: ಒಸಿರಿಸ್-ಆಂಟಿನೂಸ್. ರೋಮ್‌ನ ಪಿಂಚಿಯೊ ಉದ್ಯಾನದಲ್ಲಿ, 1822ರಲ್ಲಿ ಪೋಪ್ ಏಳನೆಯ ಪಯಸ್ ಕಾಲದಲ್ಲಿ ನಿಲ್ಲಿಸಿದ ಒಂದು ಸ್ತಂಭವಿದೆ. ನೀವು ಅದರ ಪಕ್ಕದಲ್ಲೇ ಹಾದು ಹೋಗಿರಬಹುದು. ನಾಲ್ಕೂ ಬದಿಗೆ ಚಿತ್ರಲಿಪಿಯಲ್ಲಿ ಬರೆದಿರುವುದು ಆಂಟಿನೂಸ್‌ನ ಬಗ್ಗೆ. ಕರೆದವರ ಮೊರೆಯನ್ನು ಅವನು ಕೇಳುತ್ತಾನೆ, ಕನಸಿನಲ್ಲಿ ಬಂದು ರೋಗಿಗಳನ್ನು ಗುಣಪಡಿಸುತ್ತಾನೆ, ಅವನ ಹೆಸರಿನ ಊರಿನಲ್ಲಿ ಗುಡಿ, ಹಬ್ಬ, ಆಟಗಳಿವೆ ಎನ್ನುತ್ತದೆ ಆ ಬರಹ. ಸಮಾಧಿ ಎಲ್ಲಿದೆ ಎಂದು ಹೇಳುವ ಸಾಲಿನ ಓದಿನ ಮೇಲೆ ಇಂದಿಗೂ ಜಗಳವಿದೆ. ಕೆಲವರು ಈಜಿಪ್ಟ್ ಎನ್ನುತ್ತಾರೆ, ಕೆಲವರು ರೋಮ್, ಇನ್ನು ಕೆಲವರು ಟಿವೊಲಿಯಲ್ಲಿದ್ದ ಹೇಡ್ರಿಯನ್‌ನ ವಿಶಾಲ ತೋಟದರಮನೆ. ಅಲ್ಲಿ ಈ ಶತಮಾನದ ಆರಂಭದಲ್ಲಿ ನಡೆದ ಉತ್ಖನನದಲ್ಲಿ ಎದುರುಬದುರು ಎರಡು ಗುಡಿಗಳ ಅಡಿಪಾಯ ಸಿಕ್ಕ ಮೇಲೆ ಮೂರನೆಯ ವಾದಕ್ಕೆ ಬಲ ಬಂದಿದೆ.

ಹುಡುಗ ಸತ್ತ ಜಾಗದಲ್ಲೇ, 130ರ ಅಕ್ಟೋಬರ್ 30ರಂದು, ಆಂಟಿನೂಪೊಲಿಸ್ ನಗರದ ಸ್ಥಾಪನೆಯಾಯಿತು. ದುಃಖದ ಊರು ಎಂದು ಕರೆಯಬಹುದೇನೋ, ಆದರೆ ಅದರ ಹಿಂದೆ ಗಟ್ಟಿ ಲೆಕ್ಕಾಚಾರವೂ ಇತ್ತು. ನೈಲ್ ಕಣಿವೆಯ ನಡುವೆ ಗ್ರೀಕರ ಒಂದು ಊರು ಬೇಕಿತ್ತು. ಬೇರೆಡೆಯ ಗ್ರೀಕರನ್ನೂ ನಿವೃತ್ತ ಸೈನಿಕರನ್ನೂ ಕರೆತಂದು ಕೂರಿಸಿದರು. ಬಂದವರಿಗೆ ಕೆಲವು ತೆರಿಗೆಗಳಿಂದ ವಿನಾಯಿತಿ, ಮಕ್ಕಳ ಪಾಲನೆಗೆ ನೆರವು, ಈಜಿಪ್ಟಿನವರನ್ನು ಮದುವೆಯಾಗುವ ಹಕ್ಕು ಸಿಕ್ಕವು. ಈ ಕೊನೆಯದು ನೌಕ್ರಾಟಿಸ್‌ನಂಥ ಹಳೆಯ ಗ್ರೀಕ್ ಊರಿನವರಿಗೆ ಇರಲಿಲ್ಲ. ನಾಗರಿಕರನ್ನು ಹತ್ತು ಕುಲಗಳಾಗಿ ವಿಂಗಡಿಸಿದರು. ಒಂದು ಕುಲಕ್ಕೆ ಒಸಿರಿಸ್-ಆಂಟಿನೂಸ್‌ನ ಹೆಸರು, ಇನ್ನೊಂದಕ್ಕೆ ಚಕ್ರವರ್ತಿಯ ಹೆಂಡತಿ ಸಬೀನಾಳ ಹೆಸರು. ಆಕೆಗೆ ಹೇಗೆನಿಸಿತೋ ಯಾರೂ ಬರೆದಿಡಲಿಲ್ಲ. ಹುಡುಗ ಸತ್ತು ತಿಂಗಳೊಳಗೆ, ನವೆಂಬರ್ 19ರಿಂದ 21ರವರೆಗೆ, ಥೀಬ್ಸ್‌ನಲ್ಲಿ ಬೆಳಗಿನ ಹೊತ್ತು ದನಿ ಹೊರಡಿಸುತ್ತಿದ್ದ ಮೆಮ್ನಾನ್‌ನ ಕಲ್ಲಿನ ಮೂರ್ತಿಯನ್ನು ನೋಡಲು ರಾಜಪರಿವಾರ ಹೋಗಿತ್ತು. ಸಬೀನಾಳ ಸಂಗಾತಿ ಜೂಲಿಯಾ ಬಾಲ್ಬಿಲ್ಲಾ ಆ ಮೂರ್ತಿಯ ಕಾಲಿನ ಮೇಲೆ ಕೆತ್ತಿಸಿದ ಪದ್ಯಗಳು ಇನ್ನೂ ಇವೆ. ಅವುಗಳಲ್ಲಿ ಆಂಟಿನೂಸ್‌ನ ಸುಳಿವಿಲ್ಲ.

137ರಲ್ಲಿ ಆಂಟಿನೂಪೊಲಿಸ್‌ನಿಂದ ಕೆಂಪು ಸಮುದ್ರದ ಬೆರೆನೀಕೆ ಬಂದರಿನವರೆಗೆ ಹೊಸ ರಸ್ತೆ ಸಿದ್ಧವಾಯಿತು, ದಾರಿಯುದ್ದಕ್ಕೂ ನೀರಿನ ತಾಣಗಳು, ಕಾವಲು ಠಾಣೆಗಳು. ಬೆರೆನೀಕೆ ಎಂದರೆ ನಮ್ಮ ಪಶ್ಚಿಮ ಕರಾವಳಿಯ ಮೆಣಸು ಬಂದು ಇಳಿಯುತ್ತಿದ್ದ ರೇವು. ಮೆಣಸಿನ ವ್ಯಾಪಾರ ಹೆಚ್ಚಾಗಿ ಹಳೆಯ ಕಾಪ್ಟೋಸ್ ದಾರಿಯಲ್ಲೇ ಉಳಿಯಿತು ಎನ್ನುವುದು ಬೇರೆ ಮಾತು.

ಗ್ರೀಕ್ ಜಗತ್ತಿನಲ್ಲಿ ನಡೆದದ್ದರಲ್ಲಿ ಭಕ್ತಿಗಿಂತ ಊರೂರುಗಳ ಪೈಪೋಟಿ ಎದ್ದು ಕಾಣುತ್ತದೆ. ಹೇಡ್ರಿಯನ್ ಊರುಗಳಿಗೆ ಕೈಬಿಚ್ಚಿ ಕೊಡುವವನು: ಗುಡಿ, ಕಾಲುವೆ, ಸ್ನಾನಗೃಹ, ಪದವಿ. ಅವನ ಕಣ್ಣಿಗೆ ಬೀಳಬೇಕೆಂದರೆ ಆಂಟಿನೂಸ್‌ಗೆ ಒಂದು ಮೂರ್ತಿ ನಿಲ್ಲಿಸುವುದಕ್ಕಿಂತ ಸುಲಭದ ದಾರಿ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಊರುಗಳು ಅವನ ಮುಖದ ನಾಣ್ಯ ಹೊರಡಿಸಿದವು. ಸ್ಮಿರ್ನಾದಲ್ಲಿ ಅವನ್ನು ಹಾಕಿಸಿದವನು ಪೊಲೆಮಾನ್, ಆ ಕಾಲದ ಹೆಸರಾಂತ, ಶ್ರೀಮಂತ, ಜಂಬದ ಭಾಷಣಕಾರ. ಅನೇಕ ಊರುಗಳು ನಾಣ್ಯದಲ್ಲಿ ಅವನನ್ನು 'ವೀರ' ಎಂದಷ್ಟೇ ಕರೆದವು. ಸತ್ತ ಮೇಲೆ ಪೂಜೆ ಪಡೆಯುವ, ದೇವರಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನ ಅದು. ಗ್ರೀಕರಿಗೆ ಇದು ಪುರಾತನ ಪದ್ಧತಿ, ಯಾರ ಮನಸ್ಸಿಗೂ ಕಸಿವಿಸಿಯಾಗುವಂಥದ್ದಲ್ಲ. ಹುಟ್ಟೂರು ಮಾತ್ರ ದೇವರೆನ್ನಲು ಹಿಂಜರಿಯಲಿಲ್ಲ. 'ಆಂಟಿನೂಸ್ ದೇವರಿಗೆ, ತವರೂರು' ಎಂಬ ಅರ್ಥದ ಮಾತನ್ನು ನಾಣ್ಯದ ಮೇಲೆ ಹಾಕಿಸಿತು.

ಆಗಲೇ ಹೇಳಿದ ಮ್ಯಾಂಟಿನಿಯ ಈ ಪೈಪೋಟಿಯಲ್ಲಿ ಎಲ್ಲರನ್ನೂ ಹಿಂದಿಕ್ಕಿತು. 'ನಮ್ಮ ಊರಿನ ಮಗನ ಮಗ' ಎಂಬ ನೆಂಟಸ್ತಿಕೆಯನ್ನು ಹಿಡಿದು ಗುಡಿ ಕಟ್ಟಿಸಿ, ಪ್ರತಿ ವರ್ಷ ಗುಪ್ತಾರಾಧನೆ, ನಾಲ್ಕು ವರ್ಷಕ್ಕೊಮ್ಮೆ ಪಂದ್ಯಗಳನ್ನು ಏರ್ಪಡಿಸಿತು. ಹೇಡ್ರಿಯನ್ ಸತ್ತ ಎಷ್ಟೋ ವರ್ಷಗಳ ಮೇಲೆ ಅಲ್ಲಿಗೆ ಹೋದ ಪ್ರವಾಸಿ ಪೌಸೇನಿಯಸ್, ಊರಿನ ಗುಡಿಗಳಲ್ಲಿ ಇದೇ ಎಲ್ಲಕ್ಕಿಂತ ಹೊಸದು ಎನ್ನುತ್ತಾನೆ. ಅವನನ್ನು ಜೀವಂತವಾಗಿ ತಾನು ನೋಡಿರಲಿಲ್ಲ, ಮೂರ್ತಿಗಳಲ್ಲಿ, ಚಿತ್ರಗಳಲ್ಲಿ ನೋಡಿದ್ದೇನೆ, ಹೆಚ್ಚಿನವು ಡಯೊನೈಸಸ್ ದೇವರ ಹಾಗಿವೆ ಎಂದು ಬರೆಯುತ್ತಾನೆ. ಗಮನಿಸಬೇಕಾದ್ದು ಕಾಲ. ಚಕ್ರವರ್ತಿ 138ರ ಜುಲೈ 10ರಂದು ತೀರಿಕೊಂಡ. ಅವನನ್ನೇ ದೈವವೆಂದು ಸಾರಲು ಸೆನೆಟ್ ಒಪ್ಪಿರಲಿಲ್ಲ, ಮುಂದಿನ ಚಕ್ರವರ್ತಿ ಆಂಟೊನೈನಸ್ ಪಟ್ಟು ಹಿಡಿದು ಮಾಡಿಸಬೇಕಾಯಿತು. ಮೆಚ್ಚಿಸಬೇಕಾದವನೇ ಹೋದ ಮೇಲೆ ಆಂಟಿನೂಸ್‌ನ ಪೂಜೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಥೆನ್ಸ್‌ನ ತರುಣರು ಅವನ ಹೆಸರಿನ ಪಂದ್ಯಗಳನ್ನು ಮೂರನೆಯ ಶತಮಾನದಲ್ಲೂ ಆಡುತ್ತಿದ್ದರು.

ನಂಬಿದ್ದರೇ ಎಂದು ಕೇಳಿದಿರಿ. ಇದಕ್ಕೆ ನನಗೆ ಸಿಗುವ ಅತ್ಯುತ್ತಮ ಸಾಕ್ಷಿ ಅರಮನೆಯದಲ್ಲ, ರೋಮ್‌ನ ದಕ್ಷಿಣಕ್ಕಿರುವ ಲಾನುವಿಯಮ್ ಊರಿನ ಒಂದು ಶಾಸನ. ಅಲ್ಲಿ 133ರಲ್ಲಿ ಡಯಾನಾ ದೇವಿ ಮತ್ತು ಆಂಟಿನೂಸ್ ಹೆಸರಿನಲ್ಲಿ ಒಂದು ಶವಸಂಸ್ಕಾರದ ಸಂಘ ಹುಟ್ಟಿಕೊಂಡಿತು. 136ರಲ್ಲಿ ಆಂಟಿನೂಸ್‌ನ ಗುಡಿಯಲ್ಲೇ ಸಭೆ ಸೇರಿ ನಿಯಮಗಳನ್ನು ಕೆತ್ತಿಸಿದರು. ಇವರು ಬಡವರು, ಕೆಲವರು ಗುಲಾಮರು. ಸೇರುವಾಗ ನೂರು ಸೆಸ್ಟರ್ಸ್ (ರೋಮನ್ ನಾಣ್ಯ) ಮತ್ತು ಒಂದು ಕೊಡ ಒಳ್ಳೆಯ ದ್ರಾಕ್ಷಾರಸ, ಆಮೇಲೆ ತಿಂಗಳಿಗೆ ಐದು ಆಸ್ (ಅದಕ್ಕಿಂತ ಸಣ್ಣ ನಾಣ್ಯ) ಚಂದಾ. ಸತ್ತರೆ ಸಂಘ ಮುನ್ನೂರು ಸೆಸ್ಟರ್ಸ್ ಕೊಡುತ್ತದೆ, ಅದರಲ್ಲಿ ಐವತ್ತನ್ನು ಚಿತೆಯ ಬಳಿ ಬಂದವರಿಗೆ ಹಂಚಬೇಕು. ನಮ್ಮ ಊರುಗಳ ಚೀಟಿ ಸಂಘದ ಲೆಕ್ಕಪುಸ್ತಕ ಓದಿದ ಹಾಗೆ ಇದೆ. ಗುಲಾಮ ಸದಸ್ಯನೊಬ್ಬ ಬಿಡುಗಡೆಯಾದರೆ ಸಂಘಕ್ಕೆ ಒಂದು ಕೊಡ ದ್ರಾಕ್ಷಾರಸ ಕೊಡಬೇಕು. ಗುಲಾಮ ಸತ್ತಾಗ ಒಡೆಯ ದುಷ್ಟತನದಿಂದ ಹೆಣ ಕೊಡದೇ ಹೋದರೆ ಏನು ಮಾಡುವುದು? ಅದಕ್ಕೂ ನಿಯಮವಿದೆ: ಒಂದು ಬೊಂಬೆಯನ್ನಿಟ್ಟು ಅಂತ್ಯಕ್ರಿಯೆ ನಡೆಸಬೇಕು. ಆತ್ಮಹತ್ಯೆ ಮಾಡಿಕೊಂಡವರಿಗೆ ಮಾತ್ರ ಏನೂ ಸಿಗದು.

ಡಯಾನಾ ಹುಟ್ಟಿದ ಆಗಸ್ಟ್ 13ರಂದು, ಆಂಟಿನೂಸ್ ಹುಟ್ಟಿದ ನವೆಂಬರ್ 27ರಂದು ಹಬ್ಬದೂಟ. ಅವನ ಹುಟ್ಟುದಿನ ನಮಗೆ ತಿಳಿದದ್ದು ಈ ಕಲ್ಲಿನಿಂದಲೇ. ಊಟಕ್ಕೆ ತಲಾ ಎರಡು ಆಸ್ ಬೆಲೆಯ ರೊಟ್ಟಿ, ನಾಲ್ಕು ಸಾರ್ಡೀನ್ ಮೀನು, ದ್ರಾಕ್ಷಾರಸ, ಬಿಸಿನೀರು. ಊಟದ ನಡುವೆ ಎದ್ದು ಜಾಗ ಬದಲಿಸಿ ಗಲಾಟೆ ಮಾಡಿದರೆ ನಾಲ್ಕು ಸೆಸ್ಟರ್ಸ್ ದಂಡ, ಬೈದಾಡಿದರೆ ಹನ್ನೆರಡು, ಅಧ್ಯಕ್ಷನಿಗೇ ಬೈದರೆ ಇಪ್ಪತ್ತು. ದೂರುಗಳಿದ್ದರೆ ಸಭೆಯಲ್ಲಿ ಹೇಳಿ, ಹಬ್ಬದ ದಿನ ನೆಮ್ಮದಿಯಿಂದ ಉಣ್ಣಲು ಬಿಡಿ ಎಂದೂ ಬರೆಸಿದ್ದಾರೆ.

ಗುಡಿ ಕಟ್ಟುವಾಗ ಊರಿನ ದೊಡ್ಡವರಿಗೆ ಚಕ್ರವರ್ತಿಯ ಮೇಲೆ ಕಣ್ಣಿದ್ದಿರಬಹುದು. ಸಂಘದ ಪೋಷಕನೂ ಊರಿನ ಹಿರಿಯನೇ. ಆದರೆ ತಿಂಗಳಿಗೆ ಐದು ಆಸ್ ಕಟ್ಟಿದ ಗುಲಾಮನಿಗೆ ಹೇಡ್ರಿಯನ್‌ನಿಂದ ಏನು ಬರಬೇಕಿತ್ತು? ಅವನಿಗೆ ಬೇಕಾದದ್ದು ತಾನು ಸತ್ತರೆ ಹೆಣ ಬೀದಿಪಾಲಾಗಬಾರದು ಎಂಬ ಭರವಸೆ. ಸತ್ತು ಗೆದ್ದ ಸಾಮಾನ್ಯ ಮನೆತನದ ಹುಡುಗ ಆ ಭರವಸೆಗೆ ತಕ್ಕ ದೇವರಾಗಿ ಕಂಡಿರಬೇಕು. 1907ರಲ್ಲಿ ಲಾನುವಿಯಮ್ ಕಡೆಯ ದ್ರಾಕ್ಷಿತೋಟವೊಂದರಲ್ಲಿ ಒಂದು ಉಬ್ಬುಶಿಲ್ಪ ಸಿಕ್ಕಿತು: ತೋಟಗಾಡುಗಳ ದೇವರು ಸಿಲ್ವಾನಸ್‌ನ ರೂಪದಲ್ಲಿ ಆಂಟಿನೂಸ್, ಕೈಯಲ್ಲಿ ದ್ರಾಕ್ಷಿ ಕತ್ತರಿಸುವ ಬಾಗುಗತ್ತಿ, ಪಕ್ಕದಲ್ಲಿ ನಾಯಿ. ಅಫ್ರೊಡಿಸಿಯಾಸ್‌ನ ಆಂಟೊನಿಯಾನಸ್ ಎಂದು ಶಿಲ್ಪಿಯ ಹೆಸರೂ ಇದೆ. ರೋಮ್‌ನ ಪಲಾಟ್ಸೊ ಮಾಸ್ಸಿಮೊದಲ್ಲಿ ಈಗ ಅದನ್ನು ನೋಡಬಹುದು. ನೀವು ನೋಡಿದ ವ್ಯಾಟಿಕನ್‌ನ ಮೂರು ಮೀಟರ್‌ಗೂ ಮೀರಿದ ಮೂರ್ತಿಗಿಂತ ನನಗೆ ಇದೇ ಹೆಚ್ಚು ಇಷ್ಟ.

ನಂಬಿಕೆ ಬದುಕಿತ್ತು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಶತ್ರುಗಳದ್ದು. ಜಸ್ಟಿನ್, ಅಥೆನಾಗೊರಸ್, ಕ್ಲೆಮೆಂಟ್, ಒರಿಜೆನ್, ಕೊನೆಗೆ ನಾಲ್ಕನೆಯ ಶತಮಾನದಲ್ಲಿ ಅಥನೇಷಿಯಸ್, ಹೀಗೆ ಕ್ರೈಸ್ತ ಬರಹಗಾರರು ಒಬ್ಬರಾದ ಮೇಲೊಬ್ಬರು ಆಂಟಿನೂಸ್‌ನ ಮೇಲೆ ಹರಿಹಾಯ್ದರು. ಸತ್ತ ಪೂಜೆಯನ್ನು ಯಾರೂ ಇನ್ನೂರು ವರ್ಷ ಬೈಯುವುದಿಲ್ಲ. ಅವರ ಸಿಟ್ಟಿಗೆ ಒಂದು ಖಾಸಗಿ ಕಾರಣವೂ ಇತ್ತು. ಸೆಲ್ಸಸ್ ಎಂಬ ಕ್ರೈಸ್ತವಿರೋಧಿ, ನೀವು ಯೇಸುವಿಗೆ ಸಲ್ಲಿಸುವ ಗೌರವಕ್ಕೂ ಈಜಿಪ್ಟಿನಲ್ಲಿ ಹೇಡ್ರಿಯನ್‌ನ ಹುಡುಗನಿಗೆ ಸಲ್ಲುವ ಗೌರವಕ್ಕೂ ಏನು ವ್ಯತ್ಯಾಸ ಎಂದು ಕೇಳಿಬಿಟ್ಟಿದ್ದ. ಒರಿಜೆನ್ ಅದಕ್ಕೆ ಉದ್ದುದ್ದ ಉತ್ತರ ಬರೆಯಬೇಕಾಯಿತು. ಆಂಟಿನೂಪೊಲಿಸ್‌ನ ದೇವರು ಮಾಡುವ ಪವಾಡಗಳು ದೆವ್ವದ ಆಟ, ಮಾಟಗಾರರ ಕೈಚಳಕ ಎಂದ. ಪವಾಡ ನಡೆಯುವುದೇ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಅದೇ ಊರಿನ ಸುತ್ತಲಿನಿಂದ ಬಂದ, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಒಂದು ಮಣ್ಣಿನ ಬೊಂಬೆ ಇದೆ: ಮೈಗೆ ಹದಿಮೂರು ಸೂಜಿ ಚುಚ್ಚಿದ ಹೆಣ್ಣಿನ ಆಕೃತಿ. ಜೊತೆಗಿದ್ದ ಸೀಸದ ತಗಡಿನಲ್ಲಿ ಒಬ್ಬ ಗಂಡಸು ತಾನು ಬಯಸಿದವಳನ್ನು ವಶ ಮಾಡಿಕೊಡು ಎಂದು ಬೇಡುವುದು 'ಆಂಟಿನೂಸ್' ಎಂಬ ಸತ್ತವನ ಆತ್ಮವನ್ನು. ಆ ಹೆಸರು ನಮ್ಮವನದೋ ಅದೇ ಹೆಸರಿನ ಬೇರೊಬ್ಬ ಸತ್ತವನದೋ ಎಂಬ ಚರ್ಚೆಯಿದೆ.

ಆಂಟಿನೂಪೊಲಿಸ್‌ನಲ್ಲಿ ಈಗ ಶೇಖ್ ಇಬಾದಾ ಎಂಬ ಹಳ್ಳಿಯಿದೆ. ನೆಪೋಲಿಯನ್ ಜೊತೆ ಬಂದ ಫ್ರೆಂಚ್ ವಿದ್ವಾಂಸರು ಅಲ್ಲಿ ಕಮಾನು, ಕಂಬಸಾಲು, ರಂಗಮಂದಿರ ಕಂಡು ಚಿತ್ರ ಬರೆದಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲೇ ಆ ಕಲ್ಲುಗಳು ಕಾರ್ಖಾನೆ ಕಟ್ಟಲು, ಸುಣ್ಣ ಸುಡಲು ಹೋದವು.

ಆಕಾಶದಲ್ಲಿ ಮಾತ್ರ ಅವನು ಹೆಚ್ಚು ಕಾಲ ಬಾಳಿದ. ಹುಡುಗ ಸತ್ತ ಮೇಲೆ ತಾನೊಂದು ನಕ್ಷತ್ರ ಕಂಡೆ, ಅದು ಅವನದೇ ಎಂದು ಹೇಡ್ರಿಯನ್ ಹೇಳುತ್ತಿದ್ದನಂತೆ. ಡಿಯೊ ಇದನ್ನು ನಗುತ್ತಲೇ ಬರೆದಿದ್ದಾನೆ. ಆದರೆ ಸ್ವಲ್ಪವೇ ಸಮಯದ ಬಳಿಕ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ ನಕ್ಷತ್ರಪಟ್ಟಿಯಲ್ಲಿ ಗರುಡ ರಾಶಿಯ ಪಕ್ಕದ ಕೆಲವು ತಾರೆಗಳಿಗೆ ಆಂಟಿನೂಸ್‌ನ ಹೆಸರು ಇದೆ ಎಂದು ದಾಖಲಿಸಿದ. ಟೈಕೊ ಬ್ರಾಹೆ ಅದನ್ನು ಪ್ರತ್ಯೇಕ ಪುಂಜವೆಂದೇ ಎಣಿಸಿದ. 1784ರಲ್ಲಿ ಎಡ್ವರ್ಡ್ ಪಿಗಟ್ ಅಲ್ಲಿನ ಒಂದು ತಾರೆಯ ಬೆಳಕು ಏಳು ದಿನಕ್ಕೊಮ್ಮೆ ಏರಿಳಿಯುವುದನ್ನು ಕಂಡುಹಿಡಿದಾಗ ಅದರ ಹೆಸರು ಈಟಾ ಆಂಟಿನೊಯಿ. ಗೆಲಾಕ್ಸಿಗಳ ದೂರ ಅಳೆಯಲು ಮುಂದೆ ಬಳಕೆಗೆ ಬಂದ ಸೆಫೀಡ್ ಜಾತಿಯ ತಾರೆಗಳಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ಅದು. ಇಪ್ಪತ್ತನೆಯ ಶತಮಾನದಲ್ಲಿ ಖಗೋಳ ಒಕ್ಕೂಟ ಪುಂಜಗಳ ಪಟ್ಟಿಯನ್ನು ಎಂಬತ್ತೆಂಟಕ್ಕೆ ನಿಲ್ಲಿಸಿದಾಗ ಆಂಟಿನೂಸ್ ಹೊರಬಿದ್ದ, ಆ ತಾರೆಗಳು ಗರುಡನ ಪಾಲಾದವು. ಹುಡುಕುವುದು ಕಷ್ಟವಲ್ಲ. ಮಳೆಗಾಲ ಮುಗಿದ ಮೇಲೆ ಸಂಜೆ ನಮ್ಮ ಶ್ರವಣ ನಕ್ಷತ್ರವನ್ನು ಗುರುತಿಸಿ, ಅದರ ದಕ್ಷಿಣಕ್ಕೆ ಕಣ್ಣು ಹಾಯಿಸಿ.

ಇನ್ನಷ್ಟು ಮೂರ್ತಿಗಳನ್ನು ನೋಡುವ ಮನಸ್ಸಿದ್ದರೆ ಡೆಲ್ಫಿಯ ಮ್ಯೂಸಿಯಮ್‌ನಿಂದ ಶುರುಮಾಡಿ. ಅಲ್ಲಿನದು 1893ರ ಸುಮಾರಿಗೆ ಅಗೆದಾಗ ಗೋಡೆಗೆ ಒರಗಿ ನಿಂತ ಸ್ಥಿತಿಯಲ್ಲೇ ಸಿಕ್ಕಿದ್ದು, ಎಣ್ಣೆ ಸವರಿದ ಅಮೃತಶಿಲೆಯ ನುಣುಪು ಇನ್ನೂ ಇದೆ. ಅಮೆರಿಕದಲ್ಲಿ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವನ ಮುಖದ ಒಂದು ತುಂಡಿದೆ. ರೋಮ್‌ನ ಪಲಾಟ್ಸೊ ಆಲ್ಟೆಂಪ್ಸ್‌ನಲ್ಲಿ ಎಂದೋ ಬೇರೆ ಮುಖ ಅಂಟಿಸಿದ್ದ ಎದೆಪ್ರತಿಮೆಯ ಮೂಲ ಮುಖವೇ ಈ ತುಂಡು ಎಂದು ಅಳತೆ ಹಾಕಿ ಖಚಿತಪಡಿಸಿ, 2016ರಲ್ಲಿ ಎರಡನ್ನೂ ಒಂದೇ ಪ್ರದರ್ಶನದಲ್ಲಿಟ್ಟಿದ್ದರು. ಹೋಗುವಾಗ ಒಂದು ಎಚ್ಚರ ಇರಲಿ: 'ಕ್ಯಾಪಿಟೊಲೈನ್ ಆಂಟಿನೂಸ್', 'ಬೆಲ್ವೆಡೇರ್ ಆಂಟಿನೂಸ್' ಎಂದು ಇಂಟರ್ನೆಟ್ಟಿನಲ್ಲಿ ಓಡಾಡುವ ಎರಡು ಪ್ರಸಿದ್ಧ ಮೂರ್ತಿಗಳು ಅವನವಲ್ಲ, ಹರ್ಮೀಸ್ ದೇವರವು. ಅವನದನ್ನು ಗುರುತಿಸಲು ಕೂದಲನ್ನು ನೋಡಿ. ಹುಬ್ಬಿನವರೆಗೆ ಇಳಿದ ದಟ್ಟ ಗುಂಗುರು, ನೇರವಾದ ಹುಬ್ಬು, ತುಂಬಿದ ಕೆನ್ನೆ, ಸ್ವಲ್ಪ ಕೆಳಗೆ ಬಾಗಿದ ತಲೆ, ಅಗಲವಾದ ಎದೆ. ಒಂದನ್ನು ಸರಿಯಾಗಿ ನೋಡಿಕೊಂಡರೆ ಮುಂದಿನದಕ್ಕೆ ಫಲಕ ಓದಬೇಕಾಗಿಲ್ಲ.